ದೇವೀರಪ್ಪನವರ ಕುರ್ಚಿ, ನನ್ನ ಕಾಲು

ನನ್ನ ಗಂಡ ಕೂರುವುದನ್ನು ನೋಡಲು ಜನ ಬರುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ಬರುತ್ತಿದ್ದರು. ಕೆ. ಹೊಸಕೋಟೆಯಿಂದ ನಮ್ಮ ತೋಟದ ದಾರಿ ಹಿಡಿದರೆ ಮನೆಗಿಂತ ಮೊದಲು ಕಾಣುವುದು ಜಗಲಿ, ಜಗಲಿಯ ಮೇಲೆ ಉದ್ದ ಕೈಯ ಬೀಟೆ ಕುರ್ಚಿ, ಕುರ್ಚಿಯಲ್ಲಿ ಅವರು. ಕೂರುವ ಮೊದಲು ಹೆಗಲ ಮೇಲಿನ ಕೆಂಪಂಚಿನ ಟವಲ್ ತೆಗೆದು ಒದರುತ್ತಾರೆ, ಮೂಲೆ ಮೂಲೆ ಎಳೆದು ಹಾಸುತ್ತಾರೆ, ಆಮೇಲೆ ಸೊಂಟವನ್ನು ನಿಧಾನಕ್ಕೆ ಇಳಿಸುತ್ತಾರೆ. ಬಸ್ಸಿನ ಸೀಟಿರಲಿ, ಮದುವೆಮನೆಯ ಪ್ಲಾಸ್ಟಿಕ್ ಕುರ್ಚಿಯಿರಲಿ, ಟವಲ್ ಇಲ್ಲದೆ ಕೂತವರಲ್ಲ. ಕೂತ ಮೇಲೆ ಎದ್ದವರೂ ಅಲ್ಲ. ಒಂದು ಸಲ ಒಂಟಿ ಸಲಗ ಅಂಗಳಕ್ಕೇ ಬಂದು ಹಲಸಿನ ಹಣ್ಣು ತಿಂದು ಮುಗಿಸಿ, ಇವರ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಇದು ಏಳುವ ಪೈಕಿಯಲ್ಲ ಎಂದು ತಾನೇ ಬೇಸತ್ತು ಕೆಳಗಿನ ಗದ್ದೆಗೆ ಇಳಿದು ಹೋಯಿತು.

ಅವರ ಹೆಸರು ದೇವೀರಪ್ಪ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳಬಾರದು ಎಂದು ನಮ್ಮತ್ತೆ ಕಲ್ಯಾಣಮ್ಮನವರು ಕಲಿಸಿದ್ದಾರೆ. ಈ ಕತೆಯಲ್ಲಿ ಬೇಕೆಂದೇ ಹೇಳುತ್ತೇನೆ. ಅದೂ ಲೆಕ್ಕಕ್ಕೆ ಸೇರಲಿ.

ಹೋದ ಮಳೆಗಾಲದಲ್ಲಿ ನನಗೆ ಕಾಯಿಲೆ ಬಂತು. ಇಬ್ಬರು ಹೆಂಗಸರು ನನ್ನ ಬಗ್ಗೆ ಮಾತನಾಡಿಕೊಳ್ಳುವುದು ಕೇಳಿಸತೊಡಗಿತು. ನಮ್ಮೂರಲ್ಲಿ ಅದು ಹೊಸದೇನಲ್ಲ, ಆದರೆ ಈ ಇಬ್ಬರು ಕಣ್ಣಿಗೆ ಕಾಣುತ್ತಿರಲಿಲ್ಲ. ಒಲೆ ಮುಂದೆ ನಿಂತರೆ ಉಪ್ಪು ಹೆಚ್ಚಾಯಿತು ಎನ್ನುವರು, ತಲೆ ಬಾಚಿದರೆ ಯಾರಿಗೋಸ್ಕರ ಎನ್ನುವರು. ನಿದ್ದೆ ಹೋಯಿತು, ಊಟ ಹೋಯಿತು, ಮೂಲೆಯಲ್ಲಿ ಮಂಕಾಗಿ ಬಿದ್ದುಕೊಂಡೆ. ದೇವೀರಪ್ಪನವರು ನನ್ನನ್ನು ಹಾಸನದ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಮಾತ್ರೆ ಬಂತು. ನಿಜ ಹೇಳಬೇಕು, ಮಾತ್ರೆ ಆ ಇಬ್ಬರನ್ನೂ ಓಡಿಸಿತು. ಹೋಗುವಾಗ ಮಾತ್ರ ಅವರು ನಾನು ಕೂರುವ ಜಾಗವನ್ನೂ ಎತ್ತಿಕೊಂಡು ಹೋದರು.

ಅದು ಹೇಗಿರುತ್ತದೆ ಎಂದು ಕೇಳಿದರೆ ಹೀಗೆ ಹೇಳಬಹುದು. ಕಾಲಿನ ಮೂಳೆಯೊಳಗೆ ಯಾರೋ ಕೂತು ಕಾಫಿ ಬೀಜ ಹುರಿಯುತ್ತಿದ್ದಾರೆ, ಕೈ ಬಿಡದೆ ಹುರಿಯುತ್ತಿದ್ದಾರೆ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು, ನಡೆದರೆ ಮೈಯ ಚರ್ಮವನ್ನು ಬಿಚ್ಚಿ ಬೇಲಿಗೆ ಹಾಕಿ ಓಡಬೇಕು. ನೋವಲ್ಲ ಅದು. ನೋವಾಗಿದ್ದರೆ ಇಲ್ಲಿ ಎಂದು ಬೆರಳಿಟ್ಟು ತೋರಿಸಬಹುದಿತ್ತು.

ಎರಡನೇ ಸಲ ಹಾಸನಕ್ಕೆ ಹೋದಾಗ ಡಾಕ್ಟರ ಮುಂದೆ ಕುರ್ಚಿಯಿಂದ ಎದ್ದೆ, ಕೂತೆ, ಎದ್ದೆ. ನಾನೇ ಬಾಯಿಬಿಟ್ಟು ಕೂರಲಾಗುತ್ತಿಲ್ಲ ಎಂದೆ. ಆ ಡಾಕ್ಟರು ಕೆಟ್ಟವರಲ್ಲ. ಹೊರಗೆ ಸಾಲು ಉದ್ದವಿತ್ತು, ಅವರ ಕತ್ತು ಬರೆಯುವ ಹಾಳೆಯ ಕಡೆಗೇ ಬಾಗಿತ್ತು. ಅವರು ನನ್ನನ್ನು ಕೇಳಲಿಲ್ಲ, ದೇವೀರಪ್ಪನವರನ್ನು ಕೇಳಿದರು: ಇವರು ಮನೆಯಲ್ಲೂ ಹೀಗೆಯೇ? ದೇವೀರಪ್ಪನವರು ಟವಲ್ ಮೇಲೆ ಕೂತುಕೊಂಡೇ, ಮತ್ತೆ ಶುರುವಾಗಿರಬೇಕು ಎಂದರು. ಕಾಯಿಲೆ ತಲೆಯೆತ್ತಿದೆ ಎಂದುಕೊಂಡು ಡಾಕ್ಟರು ಮಾತ್ರೆಯನ್ನು ಜಾಸ್ತಿ ಮಾಡಿದರು. ಮೂಳೆಯೊಳಗೆ ಒಂದು ಒಲೆ ಇದ್ದದ್ದು ಎರಡಾಯಿತು.

ಅಲ್ಲಿಂದ ಮುಂದೆ ನಾನು ಡಾಕ್ಟರ ಮುಂದೆ ಕೂರುವ ವಿದ್ಯೆ ಕಲಿತೆ. ಎರಡು ಪಾದವನ್ನೂ ಕುರ್ಚಿಯ ಕಾಲಿಗೆ ಹಿಂದಿನಿಂದ ಸಿಕ್ಕಿಸಿ, ಕೈಯಿಂದ ಸೀಟಿನ ಅಂಚು ಹಿಡಿದು, ಉಸಿರು ಕಟ್ಟಿ ಕೂರುವುದು. ಅಲುಗಾಡಿದರೆ ಮಾತ್ರೆ ಹೆಚ್ಚುತ್ತದೆ, ಅಲುಗಾಡದಿದ್ದರೆ ಮಾತ್ರೆ ಹಾಗೇ ಇರುತ್ತದೆ. ಎರಡರಲ್ಲಿ ಇದೇ ವಾಸಿ. ಡಾಕ್ಟರು ಎಂದಿನಂತೆ, ಹೇಗಿದ್ದಾರೆ, ಎಂದು ಇವರನ್ನು ಕೇಳುವರು. ದೇವೀರಪ್ಪನವರು ಪ್ರತಿ ಸಲವೂ ಹೇಳುತ್ತಿದ್ದ ಮಾತನ್ನು ನಾನು ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ.

“ಚುರುಕಾಗವ್ಳೆ ಸಾ. ಮೊದ್ಲು ಬಿದ್ ಕಡೆಯಿಂದ ಏಳ್ತಿರ್ನಿಲ್ಲ. ಈಗ ಒಂದ್ ಗಳಿಗೆ ಕೂರಲ್ಲ.”

ಒಳ್ಳೆಯದು, ಮುಂದುವರಿಸಿ ಎಂದು ಡಾಕ್ಟರು ಬರೆಯುವರು.

ಅಷ್ಟರಲ್ಲಿ ಕಾಫಿ ಕೊಯ್ಲು ಬಂತು. ಕೊಯ್ದ ಹಣ್ಣನ್ನು ಕಣದಲ್ಲಿ ಹರಡಿ ಒಣಗಿಸುತ್ತೇವೆ. ಆಗಾಗ ತಿರುವಿ ಹಾಕದಿದ್ದರೆ ಬೂಷ್ಟು ಹಿಡಿಯುತ್ತದೆ. ತಿರುವುವುದೆಂದರೆ ದೊಡ್ಡ ವಿದ್ಯೆಯಲ್ಲ, ಪಾದವನ್ನು ನೆಲಕ್ಕೆ ಒತ್ತಿ ಎಳೆಯುತ್ತ ಹಣ್ಣಿನ ನಡುವೆ ನಡೆಯುವುದು, ಗದ್ದೆಯಲ್ಲಿ ಸಾಲು ಹೊಡೆದ ಹಾಗೆ. ಕಣದ ಒಂದು ತುದಿ ಮುಟ್ಟಿದ ಮೇಲೆ ಹಿಂದಕ್ಕೆ. ನಾನು ಹೇಗೂ ನಡೆಯುತ್ತಿದ್ದೆ. ಅಂಗಳದಲ್ಲಿ, ಹಿತ್ತಲಲ್ಲಿ, ಕೊಟ್ಟಿಗೆಯ ಸುತ್ತ. ಅದನ್ನು ಜಗಲಿಯಿಂದ ನೋಡುತ್ತ ಕೂತಿದ್ದ ದೇವೀರಪ್ಪನವರಿಗೆ ಒಂದು ದಿನ ಜ್ಞಾನೋದಯವಾಯಿತು. ಸುಮ್ಮನೆ ಯಾಕೆ ಖಾಲಿ ನೆಲ ಸವೆಸುತ್ತಿ, ಕಣದ ಮೇಲೇ ನಡಿ ಎಂದರು. ಕಣದ ಕೆಲಸದ ಹೆಂಗಸರನ್ನು ಹಣ್ಣು ಕೊಯ್ಯಲು ಕಳಿಸಿಬಿಟ್ಟರು.

ಆ ವರ್ಷ ನಮ್ಮ ಕಾಫಿ ಒಣಗಿದ ಹಾಗೆ ಆಲೂರು ತಾಲ್ಲೂಕಿನಲ್ಲಿ ಯಾರ ಕಾಫಿಯೂ ಒಣಗಿಲ್ಲ. ಸೂರ್ಯನಿಗೆ ಕೆಲಸವಿರಲಿಲ್ಲ. ಅವನು ಬೆಳಿಗ್ಗೆ ಬಂದು, ಕಣದ ಮೇಲೆ ನನ್ನನ್ನು ನೋಡಿ, ಇಲ್ಲಿ ಆಗಲೇ ನಡೆದಿದೆ ಎಂದುಕೊಂಡು ಪಕ್ಕದ ತೋಟಕ್ಕೆ ಹೋಗುತ್ತಿದ್ದ. ನನ್ನ ಹಿಂದೆ ಸುತ್ತುತ್ತಿದ್ದ ನಾಯಿ ಕೆಲವು ದಿನ ಪ್ರಯತ್ನಪಟ್ಟು, ಆಮೇಲೆ ಮನೆ ಬಿಟ್ಟು ಹೊಸಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ನೌಕರಿ ಹಿಡಿಯಿತು. ಆನೆ ಎಲ್ಲಿದೆ ಎಂದು ತಿಳಿಸುವ ವಾಟ್ಸಾಪ್ ಗುಂಪಿನಲ್ಲಿ, ದೇವೀರಪ್ಪನವರ ಕಣದ ಹತ್ತಿರ ಏನೋ ಒಂದೇ ಸಮನೆ ಓಡಾಡುತ್ತಿದೆ, ಆ ಕಡೆಯ ಕೂಲಿಯವರು ಎಚ್ಚರವಾಗಿರಿ ಎಂದು ಸಂದೇಶ ಬಂತು. ನಾನೂ ಓದಿದೆ. ನಡೆಯುತ್ತಲೇ ಓದಿದೆ. ಎಚ್ಚರವಾಗಿಯೇ ಇದ್ದೆ.

ನಗಬೇಕಾದರೆ ನಗಿ. ನನಗೆ ನಗು ಬರುತ್ತಿರಲಿಲ್ಲ. ನಮ್ಮಲ್ಲಿ ಲಿಂಗಪೂಜೆ ಮುಗಿಯದೆ ಬಾಯಿಗೆ ತುತ್ತಿಡುವಂತಿಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು, ಕಣ್ಣು ಕದಲಿಸದೆ, ಮೈ ಕದಲಿಸದೆ ಕೂರಬೇಕು. ನಾನು ಅಂಗೈ ಚಾಚಿಕೊಂಡು ನಡುಮನೆಯ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದೆ. ಲಿಂಗ ನಡುಗುತ್ತಿತ್ತು, ಪತ್ರೆ ಉದುರುತ್ತಿತ್ತು. ಚಿಕ್ಕವಳಿದ್ದಾಗಿನಿಂದ ಇದ್ದ ಒಂದೇ ಒಂದು ಸುಮ್ಮನಿರುವ ಗಳಿಗೆ ಅದು. ಅದೂ ಹೋಯಿತು. ಅತ್ತೆ ಬಾಗಿಲಲ್ಲಿ ನಿಂತು, ಶಿವನನ್ನು ಹೀಗೆ ಅಲೆಸಬಾರದು ಎಂದು ಗೊಣಗುವರು. ಶಿವ ಗೊಣಗಲಿಲ್ಲ. ನನ್ನ ಜೊತೆ ಮೈಲಿಗಟ್ಟಲೆ ನಡೆದವನು ಅವನೊಬ್ಬನೇ.

ಒಂದು ಮಧ್ಯಾಹ್ನ ನಡೆಯುತ್ತ ನಡೆಯುತ್ತ ತೋಟದ ಬಾವಿಯ ಕಟ್ಟೆಯ ಹತ್ತಿರ ಹೋದೆ. ಸಾಯಬೇಕು ಎಂದೇನೂ ಅನ್ನಿಸಲಿಲ್ಲ. ಅದರ ತಳದಲ್ಲಿ ಕೂರಬಹುದಲ್ಲ ಎಂದು ಅನ್ನಿಸಿತು. ಅಷ್ಟು ಅನ್ನಿಸಿದ್ದಕ್ಕೇ ಹೆದರಿ ತಿರುಗಿ ಬಂದೆ. ಆಮೇಲೆ ಆ ದಾರಿಯಲ್ಲಿ ಕಾಲಿಡಲಿಲ್ಲ, ಎಷ್ಟು ಸುತ್ತಾದರೂ ಬೇರೆ ದಾರಿ.

ಅವತ್ತೇ ಜಗಲಿಗೆ ಹೋಗಿ ಕುರ್ಚಿಯ ಮುಂದೆ, ಹಿಂದೆ, ಮುಂದೆ ನಡೆಯುತ್ತ ದೇವೀರಪ್ಪನವರಿಗೆ ಬಿಡಿಸಿ ಹೇಳಿದೆ.

“ರೀ, ಇದು ನನ್ ಚುರುಕಲ್ಲ, ಮಾತ್ರೇದು. ಕೂರಕ್ಕಾಗದಲೆ ಸಾಯಂಗಾಗೈತೆ. ಡಾಕ್ಟ್ರಿಗೆ ಒಂದ್ ಮಾತು ಹೇಳಿ. ನಾನ್ ಹೇಳುದ್ರೆ ಕಾಯ್ಲೆ ಅಂತಾರೆ, ನೀವ್ ಹೇಳುದ್ರೆ ಕೇಳ್ತಾರೆ.”

ಅವರು ಕಣದ ಕಡೆ ನೋಡಿದರು. ಹಣ್ಣು ಇನ್ನೂ ಅರ್ಧ ಹಸಿಯಿತ್ತು, ತೋಟದ ಮೇಲಿನ ಪಟ್ಟೆಯ ಕೊಯ್ಲು ಬಾಕಿಯಿತ್ತು. ಅವರಿಗೆ ನನ್ನ ಮಾತು ಅರ್ಥವಾಯಿತು. ಅದು ನನಗೆ ಗೊತ್ತು, ಯಾಕೆಂದರೆ ಅವರು ಸ್ವಲ್ಪ ಹೊತ್ತು ಯೋಚಿಸಿದರು.

“ಕಾಫಿ ಒಣಗ್ಲಿ ಕಣೇ,” ಎಂದರು. “ಆಮ್ಯಾಕೆ ಹೇಳನ.”

ಆ ಹೊತ್ತಿನವರೆಗೆ ನನಗೆ ಬೇಕಾಗಿದ್ದದ್ದು ಒಂದೇ, ಕೂರಬೇಕು. ಪೂಜೆ ಮುಗಿಯುವಷ್ಟು ಹೊತ್ತು, ಸುಮ್ಮನೆ. ಅಲ್ಲಿಂದಾಚೆ ಇನ್ನೊಂದು ಸೇರಿತು: ಇವರು ಏಳಬೇಕು.

ಇಂಥ ಮಾತಿಗೆ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ನನಗೂ ಹೊಳೆಯಿತು. ನನ್ನ ಮಾತ್ರೆಯನ್ನೇ ಅವರ ಕಾಫಿಗೆ ಹಾಕಿದರೆ? ಬೇಡವೆಂದುಕೊಂಡೆ. ಆ ಸಂಕಟವನ್ನು ಶತ್ರುವಿಗೂ ಕೊಡಬಾರದು. ಗಂಡನಿಗೆ ಕೊಡಬಹುದೋ ಏನೋ, ಆದರೆ ಮಾತ್ರೆ ಇರುತ್ತಿದ್ದದ್ದು ಅತ್ತೆಯ ಕೈಯಲ್ಲಿ. ಕಲ್ಯಾಣಮ್ಮನವರು ಹೊತ್ತಿಗೆ ಸರಿಯಾಗಿ ಒಂದೊಂದೇ ತಂದು ಕೊಟ್ಟು, ನುಂಗಿದ ಮೇಲೆ ನನ್ನ ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದರು. ದನದ ಜಾತ್ರೆಯಲ್ಲಿ ಎತ್ತಿನ ಹಲ್ಲನ್ನೂ ಅಷ್ಟು ಹೊತ್ತು ನೋಡುವುದಿಲ್ಲ.

ಆ ವಾರವೇ ಪಕ್ಕದ ತೋಟದ ನೇತ್ರಾವತಿ ಬಂದಳು. ಬೇಲಿಯಾಚೆಯಿಂದ ತುಂಬ ದಿನದಿಂದ ನನ್ನನ್ನು ನೋಡುತ್ತಿದ್ದಳಂತೆ. ಅವಳ ಮನೆಗೆ ಹೊಸ ಸೊಸೆ ಬಂದಿದ್ದಳು, ಓದಿದ ಹುಡುಗಿ, ಹೊತ್ತು ಏರಿದ ಮೇಲೆ ಏಳುತ್ತಾಳೆ ಎಂದು ದೂರು. ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಅತ್ತೆಯ ಕಿವಿಯ ಹತ್ತಿರ ಬಾಗಿ, ನಿಮ್ಮ ದ್ರಾಕ್ಷಾಯಣಿಗೆ ಕೊಡುವುದು ಯಾವ ಮಾತ್ರೆ ಎಂದು ಕೇಳಿದಳು. ಅತ್ತೆಗೆ ದಾನಬುದ್ಧಿ. ಒಳಗೆ ಹೋಗಿ ಒಂದು ಹಾಳೆ ಮಾತ್ರೆ ತಂದೇಬಿಟ್ಟರು. ದೇವೀರಪ್ಪನವರು ಕುರ್ಚಿಯಿಂದಲೇ, ಕೊಡಿ, ಅವರ ಮನೆಗೂ ಒಳ್ಳೆಯದಾಗಲಿ ಎಂದರು.

ನಾನು ಕಣದಿಂದ ಇಳಿದು ಬಂದೆ.

“ತಗಂಡೋಗು ಮಾರಾಯ್ತಿ,” ಎಂದೆ ನೇತ್ರಾವತಿಗೆ. “ಬಾಳ ಒಳ್ಳೆ ಮಾತ್ರೆ. ಮೊದ್ಲು ಚುರುಕಾಗ್ತಾರೆ, ಆಮ್ಯಾಕೆ ಆಸ್ತಿ ಪಾಲು ಕೇಳ್ತಾರೆ.”

ನೇತ್ರಾವತಿಯ ಕೈ ಅರ್ಧ ದಾರಿಯಲ್ಲಿ ನಿಂತಿತು.

“ಪಾಲಾ?”

“ನಂಗೆ ಈಗ ಒಂದ್ ವಾರದಿಂದ ಅನ್ಸಕ್ ಶುರುವಾಗೈತೆ. ಮೇಲಿನ ಪಟ್ಟೆ ನನ್ ಹೆಸ್ರಿಗೆ ಬಂದ್ರೆ ಚೆನ್ನಾಗಿತ್ತದೆ ಅಂತ.”

ಅವಳು ಮಾತ್ರೆಯ ಹಾಳೆಯನ್ನು ಬಿಸಿ ಕಾವಲಿಯ ಹಾಗೆ ಕೆಳಗಿಟ್ಟು, ಸೊಸೆ ಮಲಗಿದರೆ ಮಲಗಲಿ, ಚಿಕ್ಕ ವಯಸ್ಸು ಎಂದು ಹೊರಟಳು. ದೇವೀರಪ್ಪನವರು ಮೊದಲನೇ ಸಲ ನನ್ನನ್ನು ಅನುಮಾನದಿಂದ ನೋಡಿದರು. ಕೂತುಕೊಂಡೇ ನೋಡಿದರು. ನಾನು ಕಣಕ್ಕೆ ವಾಪಸು ಹೋಗಿ ಸಾಲು ಎಳೆಯತೊಡಗಿದೆ. ಅಷ್ಟರಲ್ಲಿ ಉಪಾಯ ಸಿದ್ಧವಾಗಿತ್ತು.

ಊರೆಲ್ಲ ನಡೆಯುವವಳಿಗೆ ಒಂದು ಲಾಭವಿದೆ, ಎಲ್ಲಿ ಏನು ಬೆಳೆದಿದೆ ಎಂದು ಗೊತ್ತಿರುತ್ತದೆ. ಮೇಲಿನ ಪಟ್ಟೆಯ ಬೇಲಿಗೆ ನಸುಗುನ್ನಿ ಬಳ್ಳಿ ಹಬ್ಬಿತ್ತು. ಕೊಯ್ಲಿನ ಕಾಲಕ್ಕೆ ಸರಿಯಾಗಿ ಅದರ ಕಾಯಿ ಒಣಗುತ್ತದೆ. ಕಾಯಿಯ ಮೈತುಂಬ ಚಿನ್ನದ ಬಣ್ಣದ ರೋಮ, ನೋಡಿದರೆ ಸವರಬೇಕು ಅನ್ನಿಸುವಷ್ಟು ಮೃದು. ಸವರಿದವರು ಆಮೇಲೆ ಬಟ್ಟೆ ಬಿಚ್ಚಿಕೊಂಡು ಕೊಟ್ಟಿಗೆಗೆ ಓಡುತ್ತಾರೆ, ಏಕೆಂದರೆ ಆ ತುರಿಕೆಗೆ ಸಗಣಿಯೊಂದೇ ಮದ್ದು. ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಕಾಯಿ ಬಿಡಿಸಿದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡೆ. ಸೇಡಿಗೂ ಹವಾಮಾನ ಬೇಕು. ದೇವೀರಪ್ಪನವರ ಟವಲ್ಲುಗಳಲ್ಲಿ ಒಂದನ್ನು ನೆಲಕ್ಕೆ ಹಾಸಿ, ಕಡ್ಡಿಯಿಂದ ಕಾಯಿ ಹೆರೆದು, ರೋಮವನ್ನು ನಡುಭಾಗಕ್ಕೆ ಸರಿಯಾಗಿ ಉದುರಿಸಿದೆ. ರಂಗೋಲಿ ಹಾಕುವಾಗಲೂ ನಾನು ಅಷ್ಟು ಶ್ರದ್ಧೆಯಿಂದ ಹಾಕಿದವಳಲ್ಲ. ಒಳಮೈ ಒಳಗೇ ಇರುವಂತೆ ಮಡಿಸಿ, ಕವರಿಗೆ ಹಾಕಿ, ಬಾಯಿ ಕಟ್ಟಿಟ್ಟೆ.

ಹಾಸನಕ್ಕೆ ಹೋಗುವ ದಿನ ಬಂತು. ಹೊಸಕೋಟೆಯಿಂದ ಆಲೂರು, ಆಲೂರಿನಿಂದ ಹಾಸನ. ಬಸ್ಸಿನಲ್ಲಿ ಇವರು ಹೆಗಲ ಮೇಲಿನ ಟವಲ್ ಹಾಸಿ ಕೂತರು. ನಾನು ಹತ್ತಿದವರಿಗೆಲ್ಲ ಸೀಟು ಬಿಟ್ಟುಕೊಡುತ್ತ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿಗೆ ಓಡಾಡಿದೆ. ಕಂಡಕ್ಟರನಿಗೆ ನನ್ನ ಮೇಲೆ ಗೌರವ. ಅಕ್ಕ, ನೀವು ಇದ್ದರೆ ನನಗೆ ಜನರನ್ನು ಒಳಗೆ ತಳ್ಳುವ ಕೆಲಸವೇ ಇರುವುದಿಲ್ಲ ಎಂದ.

ಡಾಕ್ಟರ ಬಾಗಿಲ ಹೊರಗೆ, ಸರದಿ ಕಾಯುವ ಕಡೆ, ದೇವೀರಪ್ಪನವರು ಹೆಗಲಿನ ಟವಲ್ಲಿಗೆ ಕೈ ಹಾಕುವ ಮೊದಲೇ ನಾನು ಕವರ್ ಬಿಚ್ಚಿದೆ.

“ಅದುಕ್ಕೆ ಬಸ್ಸಿನ್ ಧೂಳು ಹಿಡ್ದೈತೆ. ಇದು ಒಗ್ದಿರೋದು, ನಾನೇ ಹಾಸ್ತೀನಿ.”

ಹೆಂಡತಿ ದಾರಿಗೆ ಬಂದಳು ಎಂಬ ಸಂತೋಷ ಅವರ ಮುಖದಲ್ಲಿ ಕಂಡಿತು. ಮೂಲೆಯ ಕುರ್ಚಿಗೆ ಜೋಪಾನವಾಗಿ ಬಿಡಿಸಿ ಹಾಸಿಕೊಟ್ಟೆ. ಬಿಳಿ ಪಂಚೆಯ ಸೊಂಟವನ್ನು ನಿಧಾನಕ್ಕೆ ಇಳಿಸಿದರು. ನಾನು ಎದುರಿನ ಕುರ್ಚಿಯಲ್ಲಿ ಪಾದ ಸಿಕ್ಕಿಸಿ, ಅಂಚು ಹಿಡಿದು ಕೂತೆ. ಅವತ್ತಿನ ಮಟ್ಟಿಗೆ ಉಸಿರು ಕಟ್ಟುವುದು ಅಷ್ಟು ಕಷ್ಟವಾಗಲಿಲ್ಲ. ನೋಡಲು ಏನಾದರೂ ಇದ್ದರೆ ಹೊತ್ತು ಹೋಗುತ್ತದೆ.

ಮೊದಲು ಅವರು ಎಡಕ್ಕೆ ಸ್ವಲ್ಪ ವಾಲಿದರು. ಆಮೇಲೆ ಬಲಕ್ಕೆ. ಕಾಲಿನ ಮೇಲೆ ಕಾಲು ಹಾಕಿದರು, ತೆಗೆದರು. ನೀರು ಕುಡಿಯುವ ನೆಪ ಮಾಡಿ ಎದ್ದರು, ಬಂದು ಕೂತರು, ಕೂತ ಕೂಡಲೇ ಫ್ಯಾನ್ ಹಾಕುವ ನೆಪ ಮಾಡಿ ಎದ್ದರು. ಸೊಂಟ ಗೋಡೆಗೆ ಉಜ್ಜಿದರು. ಮತ್ತೆ ಕೂತರು, ಅದೂ ಅದೇ ಟವಲ್ ಮೇಲೆ, ಏಕೆಂದರೆ ಬರಿಯ ಕುರ್ಚಿಯ ಮೇಲೆ ಕೂರುವ ಜನ್ಮ ಅವರದಲ್ಲ. ಕೊನೆಗೆ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯತೊಡಗಿದರು, ಪಾದ ಎಳೆಯುತ್ತ, ಕಣದಲ್ಲಿ ಸಾಲು ಹೊಡೆದ ಹಾಗೆ. ನನ್ನ ನಡಿಗೆಯನ್ನು ನಾನು ಎಂದೂ ಹೊರಗಿನಿಂದ ನೋಡಿರಲಿಲ್ಲ.

ಅಲ್ಲಿದ್ದವರು ಕಾಲು ಮಡಚಿಕೊಂಡು ಅವರಿಗೆ ದಾರಿ ಬಿಟ್ಟರು. ನನ್ನ ಪಕ್ಕ ಕೂತಿದ್ದ ಬಿಸಿಲೆ ಘಾಟಿಯ ಕಡೆಯ ಹೆಂಗಸು ಮರುಕದಿಂದ ನನ್ನ ಮೊಣಕೈ ಮುಟ್ಟಿದಳು.

“ಎಷ್ಟ್ ದಿನದಿಂದ ಹಿಂಗೆ ನಿಮ್ ಯಜಮಾನ್ರಿಗೆ?”

“ಈಗ್ಲೇ ಗೊತ್ತಾಗ್ತಿರೋದು,” ಎಂದೆ.

“ಪಾಪ. ನೀವ್ ಮಾತ್ರ ಎಷ್ಟ್ ಗಟ್ಟಿಯಾಗ್ ಕುಂತಿದೀರಿ ಕಣಕ್ಕ.”

ನನ್ನ ಹೆಸರು ಕೂಗಿದಾಗ ಬಾಗಿಲಲ್ಲಿದ್ದ ನರ್ಸ್, ದೇವೀರಪ್ಪನವರ ರಟ್ಟೆಯನ್ನು ಮೆಲ್ಲಗೆ ಹಿಡಿದು, ಬನ್ನಿ, ಹೆದರಬೇಡಿ ಎಂದು ಒಳಗೆ ಕರೆದುಕೊಂಡು ಹೋದಳು. ನಾನು ಟವಲ್ಲನ್ನು ತುದಿಬೆರಳಲ್ಲಿ ಹಿಡಿದು ಕವರಿಗೆ ಹಾಕಿ ಹಿಂದೆ ನಡೆದೆ.

ಒಳಗೆ ನಾನು ಕೂತೆ. ಇವರು ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ನಿಂತರು. ಡಾಕ್ಟರು ಹಾಳೆಯಿಂದ ತಲೆಯೆತ್ತಿದರು. ಆ ಕೋಣೆಯಲ್ಲಿ ಅವರು ತಲೆಯೆತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇವರನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಡೆ ತಿರುಗಿ, ಇವರಿಗೇನಾಯಿತು ಎಂದು ಕೇಳಿದರು. ನನ್ನನ್ನು.

ದೇವೀರಪ್ಪನವರು ಬಾಯಿ ತೆರೆದರು. ಡಾಕ್ಟರು ಕೈ ಎತ್ತಿ, ನೀವು ಸ್ವಲ್ಪ ಸುಮ್ಮನಿರಿ, ಅವರು ಹೇಳಲಿ ಎಂದರು.

ಆ ಮಾತನ್ನು ನನಗೆ ಚಿನ್ನದ ತಗಡಿನಲ್ಲಿ ಕೆತ್ತಿಸಿ ಕೊಟ್ಟರೂ ಅಷ್ಟು ಸಂತೋಷವಾಗುತ್ತಿರಲಿಲ್ಲ. ಅವಸರ ಮಾಡದೆ, ಬಾಯಿಪಾಠ ಒಪ್ಪಿಸಿದೆ.

“ಚುರುಕಾಗವ್ರೆ ಡಾಕ್ಟ್ರೆ. ಮೊದ್ಲು ಕುಂತ್ ಕಡೆಯಿಂದ ಏಳ್ತಿರ್ನಿಲ್ಲ. ಈಗ ಒಂದ್ ಗಳಿಗೆ ಕೂರಲ್ಲ.”

“ಏ, ಇಲ್ಲ ಸಾ,” ಎಂದರು ದೇವೀರಪ್ಪನವರು, ಸೊಂಟವನ್ನು ಕುರ್ಚಿಯ ಬೆನ್ನಿಗೆ ಉಜ್ಜುತ್ತ. “ಚುರುಕಲ್ಲ ಇದು. ಕೂರಕ್ಕಾಗ್ತಿಲ್ಲ, ನಿಲ್ಲಕ್ಕಾಗ್ತಿಲ್ಲ. ಪ್ರಾಣ ಹೋಗಂಗಾಗೈತೆ.”

ಡಾಕ್ಟರು ಪೆನ್ ಕೆಳಗಿಟ್ಟರು. ಹೆಂಡತಿಯ ಮಾತ್ರೆಯನ್ನೇನಾದರೂ ನೀವು ತಪ್ಪಿ ನುಂಗಿದಿರಾ ಎಂದು ಕೇಳಿದರು. ಈ ಮಾತ್ರೆಯಿಂದ ಕೆಲವರಿಗೆ ಹೀಗಾಗುವುದುಂಟು, ಒಂದು ಕಡೆ ಕೂರಲಾಗುವುದಿಲ್ಲ, ನಿಲ್ಲಲಾಗುವುದಿಲ್ಲ, ಒಳಗಿನಿಂದ ತಳಮಳ, ನೋಡಿದವರಿಗೆ ಕಾಯಿಲೆಯೇ ಜಾಸ್ತಿಯಾದಂತೆ ಕಾಣುತ್ತದೆ ಎಂದರು. ಅಷ್ಟು ಹೇಳಿ, ತಮ್ಮ ಮಾತು ತಮಗೇ ಕೇಳಿಸಿದವರ ಹಾಗೆ ತಡೆದರು.

“ಮಾತ್ರೆ ನುಂಗೋದು ನಾನು ಡಾಕ್ಟ್ರೆ,” ಎಂದೆ.

ಕುರ್ಚಿಯ ಕಾಲಿಗೆ ಸಿಕ್ಕಿಸಿದ್ದ ಎರಡೂ ಪಾದವನ್ನು ಬಿಡಿಸಿದೆ. ಅಂಚು ಹಿಡಿದಿದ್ದ ಕೈ ಬಿಟ್ಟೆ. ಅಷ್ಟು ತಿಂಗಳಿಂದ ಆ ಕೋಣೆಯಲ್ಲಿ ಕಟ್ಟಿಹಾಕಿದ್ದ ಕಾಲು, ಹಗ್ಗ ಬಿಚ್ಚಿದ ಕರುವಿನ ಹಾಗೆ ಹಾರಿತು. ಮೇಜಿನ ಮೇಲಿದ್ದ ಪೆನ್ನಿನ ಲೋಟ ಗಿಲಿಗುಟ್ಟಿತು, ನೀರಿನ ಲೋಟದಲ್ಲಿ ಅಲೆ ಎದ್ದಿತು. ನಾನು ಹಿಡಿದು ನಿಲ್ಲಿಸಲಿಲ್ಲ. ಡಾಕ್ಟರು ನನ್ನ ಕಾಲನ್ನೇ ನೋಡುತ್ತ ಕೂತರು.

ಯಾವಾಗಿನಿಂದ ಎಂದು ಕೇಳಿದರು. ಹೇಳಿದೆ. ಇವರು ಮತ್ತೆ ಶುರುವಾಗಿದೆ ಎಂದದ್ದು, ಅವರು ಹೆಚ್ಚು ಮಾಡಿದ್ದು, ಕಣ, ಅಂಗೈಯಲ್ಲಿ ನಡುಗುವ ಲಿಂಗ, ಬಾವಿಯ ತಳ, ಎಲ್ಲವನ್ನೂ ಹೇಳಿದೆ. ಬಾವಿಯ ಮಾತು ಬಂದಾಗ ದೇವೀರಪ್ಪನವರ ಸೊಂಟ ಉಜ್ಜುವುದನ್ನು ನಿಲ್ಲಿಸಿತು. ಆಮೇಲೆ ತಡೆಯಲಾರದೆ ಮತ್ತೆ ಉಜ್ಜಿತು.

“ಮೊದಲೇ ಯಾಕೆ ಹೇಳಲಿಲ್ಲ ನೀವು?” ಎಂದರು ಡಾಕ್ಟರು, ಇವರ ಕಡೆ ನೋಡಿ.

ಇವರಿಗೆ ನಾನೇ ಸಹಾಯ ಮಾಡಿದೆ.

“ಕಾಫಿ ಒಣಗಿರ್ನಿಲ್ಲ ಡಾಕ್ಟ್ರೆ.”

ಡಾಕ್ಟರು ಆಮೇಲೆ ಇವರನ್ನು ಏನೂ ಕೇಳಲಿಲ್ಲ. ಇದು ಕಾಯಿಲೆಯಲ್ಲ, ಮಾತ್ರೆಯ ತೊಂದರೆ, ಇದಕ್ಕೆ ದಾರಿಯಿದೆ ಎಂದು ನನಗೇ ಹೇಳಿದರು. ಇದನ್ನು ಹಂತಹಂತವಾಗಿ ಇಳಿಸಿ ಬೇರೆ ಮಾತ್ರೆ ಶುರುಮಾಡುತ್ತೇನೆ, ತಳಮಳಕ್ಕೆ ಇನ್ನೊಂದು ಕೊಡುತ್ತೇನೆ, ನೀವಾಗಿ ನಿಲ್ಲಿಸಬೇಡಿ, ಬಾವಿಯ ಕಡೆ ಮನಸ್ಸು ಹೋದರೆ ಕಾಯದೆ ಫೋನ್ ಮಾಡಿ ಎಂದು ನಂಬರ್ ಬರೆದುಕೊಟ್ಟರು. ಇನ್ನು ಮುಂದೆ ನೀವೇ ಮಾತನಾಡಿ ಎಂದೂ ಹೇಳಿದರು. ಏಳುವಾಗ ಇವರನ್ನು ತೋರಿಸಿ, ಇವರಿಗೆ ನನ್ನ ಹತ್ತಿರ ಮದ್ದಿಲ್ಲ, ಚರ್ಮದ ಡಾಕ್ಟರಿಗೆ ತೋರಿಸಿ ಎಂದರು. ಅವರ ತುಟಿಯ ಕೊನೆಯಲ್ಲಿ ಏನೋ ಇತ್ತು. ನಾನು ಅದನ್ನು ನೋಡಲಿಲ್ಲ ಎಂದಿಟ್ಟುಕೊಳ್ಳಿ.

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಗಂಡಹೆಂಡಿರಿಬ್ಬರೂ ನಿಂತೇ ಬಂದೆವು. ಆಲೂರು ದಾಟಿದ ಮೇಲೆ ದೇವೀರಪ್ಪನವರು ಕಂಬಿಗೆ ಬೆನ್ನು ತಿಕ್ಕುತ್ತ, ಚರ್ಮದ ಡಾಕ್ಟರನ್ನು ನೋಡಿಕೊಂಡೇ ಬರಬೇಕಿತ್ತು ಎಂದು ಗೋಗರೆದರು.

“ಕಾಫಿ ಒಣಗ್ಲಿ ಕಣ್ರೀ,” ಎಂದೆ. “ಆಮ್ಯಾಕೆ ತೋರ್ಸನ.”

ಮನೆಯಲ್ಲಿ ಸಗಣಿ ನಾನೇ ಬಳಿದೆ. ಪತಿಸೇವೆ. ಬೇಕಾದ ಕಡೆಗೂ ಬಳಿದೆ, ಬೇಡವಾದ ಕಡೆಗೂ ಬಳಿದೆ, ಕಣದ ನೆಲಕ್ಕೆ ಬಳಿದ ಹಾಗೆ ಧಾರಾಳವಾಗಿ. ಇದು ನಸುಗುನ್ನಿ ಮುಟ್ಟಿದ ಹಾಗೇ ಇದೆಯಲ್ಲೇ ಎಂದು ಅವರು ಹಲುಬಿದರು. ಹಾಸನ ಪೇಟೆಯಲ್ಲಿ ನಸುಗುನ್ನಿ ಎಲ್ಲಿಂದ ಬರಬೇಕು, ಡಾಕ್ಟರು ಮಾತ್ರೆ ಅಂತ ತಾನೇ ಕೇಳಿದ್ದು ಎಂದೆ. ಅವರು ಸಗಣಿಯೊಳಗಿಂದ ತಮ್ಮ ತಾಯಿಯ ಕಡೆ ನೋಡಿದರು. ಮಾತ್ರೆಯೂ ಕಾಫಿಯೂ ಎರಡೂ ಬರುವುದು ಆ ಕೈಯಿಂದಲೇ. ಮಾರನೆಯ ದಿನದಿಂದ ತಮ್ಮ ಕಾಫಿಯನ್ನು ತಾವೇ ಕಾಯಿಸಿಕೊಂಡರು, ಅದಕ್ಕಾಗಿ ಕುರ್ಚಿಯಿಂದ ಏಳಬೇಕಾಯಿತು. ಅತ್ತೆ ಮಗನ ಮುಂದೆ ಬಾಯಿ ತೆರೆದು, ನಾಲಿಗೆ ಎತ್ತಿ, ಲಿಂಗ ಮುಟ್ಟಿ ಆಣೆ ಮಾಡಿದರು. ಆ ಅನುಮಾನವನ್ನು ನಾನು ಬಿತ್ತಲಿಲ್ಲ, ಕೀಳಲೂ ಇಲ್ಲ. ಆಗಾಗ ಒಂದು ಚೊಂಬು ನೀರು ಹಾಕುತ್ತಿದ್ದೆ, ಅಷ್ಟೇ.

ನನ್ನ ಕಾಲು ಒಂದೇ ದಿನಕ್ಕೆ ಸುಮ್ಮನಾಗಲಿಲ್ಲ. ಒಲೆಯಿಂದ ಕೊಳ್ಳಿಗಳನ್ನು ಒಂದೊಂದಾಗಿ ಹೊರಗೆಳೆದ ಹಾಗೆ ನಿಧಾನಕ್ಕೆ ಆರಿತು. ಮೊದಲು ಊಟಕ್ಕೆ ಕೂರುವಷ್ಟು, ಆಮೇಲೆ ತಲೆ ಬಾಚುವಷ್ಟು. ಆ ಇಬ್ಬರು ಹೆಂಗಸರು ಹಿಂದಿರುಗಲಿಲ್ಲ. ಮೇಲಿನ ಪಟ್ಟೆಯ ಹಣ್ಣು ಕಣಕ್ಕೆ ಬಂದು ಬಿದ್ದ ಹೊತ್ತಿಗೆ, ಒಂದು ಬೆಳಿಗ್ಗೆ ಮಿಂದು ವಿಭೂತಿ ಹಚ್ಚಿ ಜಗಲಿಗೆ ಬಂದೆ. ದೇವೀರಪ್ಪನವರು ಅಡಿಗೆಮನೆಯಲ್ಲಿ ಕಾಫಿ ಸೋಸುತ್ತಿದ್ದರು. ಬೀಟೆ ಕುರ್ಚಿ ಖಾಲಿಯಿತ್ತು. ಅದರಲ್ಲಿ ಕೂತೆ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡೆ. ಅದು ನಡುಗಲಿಲ್ಲ. ಪತ್ರೆ ಇಟ್ಟೆ, ಇಟ್ಟ ಕಡೆಯೇ ಇತ್ತು. ಎಷ್ಟು ಹೊತ್ತು ನೋಡಿದೆನೋ, ಕಣ್ಣು ತುಂಬಿ ಲಿಂಗ ಎರಡಾಗಿ ಕಂಡಿತು.

ಕಣ್ಣೊರೆಸಿ ತಲೆಯೆತ್ತಿದರೆ ದೇವೀರಪ್ಪನವರು ಲೋಟ ಹಿಡಿದು ಎದುರಿಗೆ ನಿಂತಿದ್ದರು. ಲೋಟವನ್ನು ಮೆಟ್ಟಿಲ ಮೇಲಿಟ್ಟರು. ಕಣದ ಕೆಲಸದ ಹೆಂಗಸರನ್ನು ಪಕ್ಕದ ತೋಟದವರು ಕರೆದುಕೊಂಡುಬಿಟ್ಟಿದ್ದರು, ನೇತ್ರಾವತಿಯ ತೋಟದವರು. ಹಣ್ಣು ಕೆಂಪಗೆ ಹಸಿಯಾಗಿ ಬಿದ್ದಿತ್ತು. ತಿರುವದಿದ್ದರೆ ಸಂಜೆಗೆ ಬೂಷ್ಟು. ಅವರು ಪಂಚೆ ಎತ್ತಿ ಕಟ್ಟಿ ಕಣಕ್ಕಿಳಿದು ಪಾದ ಎಳೆಯುತ್ತ ನಡೆದರು. ಸಾಲು ವಕ್ರವಾಗಿತ್ತು. ಬಡಗಣ ಮೂಲೆ ಬಿಟ್ಟುಹೋಯಿತು ಎಂದು ಕೂತಲ್ಲಿಂದಲೇ ತೋರಿಸಿಕೊಟ್ಟೆ.

ಬಿಸಿಲು ಏರಿದ ಮೇಲೆ ಮೆಟ್ಟಿಲ ಹತ್ತಿರ ಬಂದು ನಿಂತು ಏದುಸಿರು ಬಿಟ್ಟರು. ಕುರ್ಚಿಯ ಕಡೆ ನೋಡಿದ ನೋಟಕ್ಕೆ ಕಲ್ಲೂ ಕರಗಬೇಕು. ನಾನು ಕರಗಿ ಎದ್ದೆ. ಹಗ್ಗದ ಮೇಲೆ ಒಣಗುತ್ತಿದ್ದ ಕೆಂಪಂಚಿನ ಟವಲ್ ತೆಗೆದು, ಒದರಿ, ಮೂಲೆ ಮೂಲೆ ಎಳೆದು ಕುರ್ಚಿಯ ಮೇಲೆ ಹಾಸಿದೆ. ಒಗೆದು ಬಿಸಿಲಿಗೆ ಹಾಕಿದ ಟವಲ್, ಅದರಲ್ಲಿ ಸಾಬೂನಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

“ಬನ್ನಿ, ಕೂತ್ಕಳಿ,” ಎಂದೆ.

ದೇವೀರಪ್ಪನವರು ಟವಲ್ಲನ್ನು ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಟವಲ್ಲನ್ನು ನೋಡಿದರು. ಲೋಟದಲ್ಲಿ ಉಳಿದಿದ್ದ ಕಾಫಿಯನ್ನು ಗಿಡದ ಬುಡಕ್ಕೆ ಚೆಲ್ಲಿ, ತಿರುಗಿ ಕಣಕ್ಕೆ ಹೋಗಿ ಬಡಗಣ ಮೂಲೆಯಿಂದ ಸಾಲು ಎಳೆಯತೊಡಗಿದರು.

ನಾನು ಕೂತೆ.